ತಿಂದದ್ದು ಕಡಿಮೆ, ಇಳಿಯದ್ದು ತೂಕ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವ್ಯಕ್ತಿಯ ವಿವರಗಳನ್ನು ಬದಲಿಸಲಾಗಿದೆ.)

ನಲವತ್ತು ದಾಟಿದ ಈ ವ್ಯಕ್ತಿ ಲೆಕ್ಕಪತ್ರ ನೋಡಿಕೊಳ್ಳುವ ಉದ್ಯೋಗದಲ್ಲಿರುವವರು. ಸಿಡುಕುತನ, ಅರೆಬರೆ ನಿದ್ರೆ ಮತ್ತು ಮನೆಯವರೊಂದಿಗೆ ಕುಳಿತು ಊಟ ಮಾಡಲು ಒಪ್ಪದ ಹಟ, ಇವುಗಳಿಂದ ಬೇಸತ್ತ ಪತ್ನಿಯ ಒತ್ತಾಯಕ್ಕೆ ಅವರು ಸಲಹೆಗೆ ಬಂದಿದ್ದರು. ತಮ್ಮ ತೊಂದರೆಯನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ನನಗೆ ಮನೋನಿಗ್ರಹ ಸಾಲದು."

ಆ ಮಾತಿಗೆ ಸಾಕ್ಷಿಯೆಂಬಂತೆ ಒಂದು ನೋಟ್ ಪುಸ್ತಕವನ್ನು ಮುಂದಿಟ್ಟರು. ಪ್ರತಿ ಪುಟದ ಎಡಬದಿಯಲ್ಲಿ ಬೆಳಗಿನ ತೂಕ ಗ್ರಾಂಗಳವರೆಗೆ ದಾಖಲಾಗಿತ್ತು; ಬಲಬದಿಯಲ್ಲಿ ಆಯಾ ದಿನ ತಿಂದ ಕ್ಯಾಲೊರಿಗಳಿದ್ದವು. ಆರು ವರ್ಷಗಳ ಹಿಂದೆ 94 ಕಿಲೋ ಇದ್ದವರು ಮೊದಲ ವರ್ಷದಲ್ಲಿ 79ಕ್ಕೆ ಇಳಿದಿದ್ದರು. ಆಮೇಲೆ ಮಿತಿಯನ್ನು ಇನ್ನಷ್ಟು ಬಿಗಿಗೊಳಿಸುತ್ತ ಹೋದರೂ ತೂಕ ಮೆಲ್ಲಗೆ ಏರಿ 87ಕ್ಕೆ ಬಂದು ನಿಂತಿತ್ತು. ದಿನಕ್ಕೆ 500 ಕ್ಯಾಲೊರಿ ಕಡಿತ ಮಾಡಿದರೆ, 7,700 ಕ್ಯಾಲೊರಿಗೆ ಒಂದು ಕಿಲೋ ಎಂಬ ಪ್ರಚಲಿತ ಸೂತ್ರದ ಪ್ರಕಾರ ಮೊದಲ ವರ್ಷವೇ ಸುಮಾರು 24 ಕಿಲೋ ಇಳಿಯಬೇಕಿತ್ತು, ಇಳಿದದ್ದು 15. ಕೊರತೆ ಬಿದ್ದ ಒಂಬತ್ತು ಕಿಲೋವನ್ನು ಅವರು ತಮ್ಮ ಅಪ್ರಾಮಾಣಿಕತೆಯ ಖಾತೆಗೆ ಬರೆದುಕೊಂಡಿದ್ದರು.

ಪುಟ ತಿರುವುವಾಗ ಕೆಲವು ದಿನಗಳ ಬಲಬದಿ ಖಾಲಿ ಇರುವುದು ಕಂಡಿತು. ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಅಂಥ ರಾತ್ರಿಗಳಲ್ಲಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ದೀಪ ಹಾಕದೆ, ತಟ್ಟೆಯನ್ನೂ ತೆಗೆದುಕೊಳ್ಳದೆ, ಹೊಟ್ಟೆ ನೋಯುವವರೆಗೆ ನಿಂತೇ ತಿನ್ನುವುದಾಗಿ ತಿಳಿಸಿದರು. ಮರುದಿನ ಅದನ್ನು ಸರಿದೂಗಿಸಲು ಸಂಜೆಯವರೆಗೆ ಉಪವಾಸವಿರುತ್ತಿದ್ದರು. ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು ಅಥವಾ ಜೀವದ ಬಗ್ಗೆ ಜಿಗುಪ್ಸೆ ಇವೆಯೇ ಎಂದು ನೇರವಾಗಿಯೇ ವಿಚಾರಿಸಿದೆ, ಯಾವುದೂ ಇರಲಿಲ್ಲ. ಇನ್ನೊಂದು ಸಂಗತಿಯನ್ನು ಅವರು ನಾಚುತ್ತ ಹೇಳಿದರು: ಎಂದೂ ಅಡುಗೆ ಮಾಡದ ತಾವು ದಿನಕ್ಕೆ ಗಂಟೆಗಟ್ಟಲೆ ಮೊಬೈಲಿನಲ್ಲಿ ಅಡುಗೆಯ ವಿಡಿಯೊಗಳನ್ನು ನೋಡುತ್ತಾರೆ.

ಈ ಕೊನೆಯ ಮಾತೇ ವಿವರಣೆಗೆ ದಾರಿ ಮಾಡಿಕೊಟ್ಟಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು ಆರೋಗ್ಯವಂತರಾದ 36 ಯುವಕರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ನಡೆಸಿದ್ದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಮೊದಲು ಅಡುಗೆಯ ಗೊಡವೆಯೇ ಇರದಿದ್ದ ಕೆಲವರು ಪಾಕಪುಸ್ತಕಗಳನ್ನು ಸಂಗ್ರಹಿಸತೊಡಗಿದರು, ತಟ್ಟೆ ನೆಕ್ಕತೊಡಗಿದರು, ಸಣ್ಣಪುಟ್ಟದ್ದಕ್ಕೂ ಸಿಡುಕತೊಡಗಿದರು. ಮತ್ತೆ ಊಟ ದೊರೆತಾಗ ಎಷ್ಟು ತಿಂದರೂ ತೃಪ್ತಿಯಾಗದವರೂ ಇದ್ದರು. ಅವರೆಲ್ಲ ತತ್ತ್ವನಿಷ್ಠೆಯಿಂದ ಯುದ್ಧಕ್ಕೆ ಹೋಗಲು ನಿರಾಕರಿಸಿದವರು. ಮನೋನಿಗ್ರಹದ ಕೊರತೆಯನ್ನು ಅವರ ಮೇಲೆ ಹೊರಿಸುವುದು ಕಷ್ಟವೆಂದು ನಾನು ಹೇಳಿದಾಗ ಇವರು ಮೊದಲ ಬಾರಿ ನಕ್ಕರು.

ಬಳಿಕ ಅವರ ಸೂತ್ರವನ್ನೇ ಕೈಗೆತ್ತಿಕೊಂಡೆವು. ತೂಕ ಇಳಿದ ದೇಹ ಚಿಕ್ಕದಾಗುವುದರಿಂದ ಅದರ ಖರ್ಚೂ ಇಳಿಯುತ್ತದೆ. ಅಷ್ಟು ಮಾತ್ರವಲ್ಲ, ಗಾತ್ರಕ್ಕೆ ತಕ್ಕದ್ದಕ್ಕಿಂತ ಇನ್ನೂ ಸ್ವಲ್ಪ ಕಡಿಮೆಗೆ ಇಳಿಯಬಹುದು. ಇಳಿದ ಪ್ರತಿ ಕಿಲೋಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿ ತಗ್ಗುತ್ತದೆಂದು ಅಂದಾಜಿಸಿದರೆ, 15 ಕಿಲೋಗೆ 300ರಿಂದ 450 ಕ್ಯಾಲೊರಿ ಆಗುತ್ತದೆ. ಅವರ 500ರ ಕಡಿತದಲ್ಲಿ ಹೆಚ್ಚಿನಂಶ ಅಲ್ಲೇ ವಜಾ ಆಯಿತು. ಸೂತ್ರ ಇದನ್ನು ಗಣನೆಗೇ ತೆಗೆದುಕೊಂಡಿರಲಿಲ್ಲ.

ಹಸಿವಿನ ಕಥೆ ಇದಕ್ಕಿಂತ ಬಿಗಿಯಾದದ್ದು. ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಕುಗ್ಗಿದಾಗ ಮಿದುಳು ಅದನ್ನು ಕ್ಷಾಮದ ಸೂಚನೆಯೆಂದು ಓದುತ್ತದೆ. ಜಠರದಿಂದ ಬರುವ ಗ್ರೆಲಿನ್ ಹೆಚ್ಚಾಗಿ ಹಸಿವನ್ನು ಕೆರಳಿಸುತ್ತದೆ. 10 ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರದಲ್ಲಿದ್ದ ಸ್ಥೂಲಕಾಯರನ್ನು ಕುರಿತು ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಇಳಿಸಿ ಒಂದು ವರ್ಷ ಕಳೆದ ಮೇಲೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಹಾಗೆಂದು ತೂಕ ಇಳಿಸಿಕೊಂಡವರೆಲ್ಲರ ತೂಕವೂ ಮತ್ತೆ ಏರುತ್ತದೆಂದು ಅರ್ಥವಲ್ಲ. ಆದರೆ ಹಗಲಿಡೀ ಅದುಮಿಟ್ಟ ಹಸಿವು ರಾತ್ರಿ ಹನ್ನೊಂದಕ್ಕೆ ಎದ್ದು ಬರುವುದನ್ನು ಕಳ್ಳತನವೆಂದು ಕರೆಯುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಲಹೆಯಾಗಿ ಮೊದಲು ವೈದ್ಯರನ್ನು ಕಂಡು ಥೈರಾಯ್ಡ್, ಸಕ್ಕರೆ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿಕೊಳ್ಳಲು ಸೂಚಿಸಿದೆ. ಎಷ್ಟು ತಿನ್ನಬೇಕೆಂಬುದನ್ನು ಆಹಾರತಜ್ಞರಿಗೆ ಬಿಟ್ಟು, ಯಾವಾಗ ಮತ್ತು ಹೇಗೆ ತಿನ್ನಬೇಕೆಂಬುದರ ಮೇಲೆ ನಾವು ಕೆಲಸ ಮಾಡಿದೆವು. ಮೂರು ಹೊತ್ತು ಊಟ, ನಡುವೆ ಲಘುವಾಗಿ ಏನಾದರೂ, ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬಾರದು. ರಾತ್ರಿ ಮಿತಿಮೀರಿ ತಿಂದಿದ್ದರೂ ಮರುದಿನದ ಬೆಳಗಿನ ತಿಂಡಿಯನ್ನು ತಪ್ಪಿಸಕೂಡದು. ಇದನ್ನು ಒಪ್ಪಿಸಲು ಅತಿ ಹೆಚ್ಚು ಸಮಯ ಹಿಡಿಯಿತು, ಏಕೆಂದರೆ ಅವರ ದೃಷ್ಟಿಯಲ್ಲಿ ಅದು ತಪ್ಪಿಗೆ ಬಹುಮಾನ ಕೊಟ್ಟಂತೆ. ನಿಜದಲ್ಲಿ ಮುಂದಿನ ರಾತ್ರಿಯನ್ನು ಸಿದ್ಧಪಡಿಸುತ್ತಿದ್ದುದು ಆ ಉಪವಾಸವೇ. ಪುಸ್ತಕವನ್ನು ಬಿಡಿಸಲಿಲ್ಲ, ಬಲಬದಿಯಲ್ಲಿ ಕ್ಯಾಲೊರಿಯ ಬದಲು ಹೊತ್ತು, ಹಸಿವಿನ ಮಟ್ಟ ಮತ್ತು ಆಗಿನ ಮನಃಸ್ಥಿತಿ ಬರೆಯಲು, ತೂಕವನ್ನು ವಾರಕ್ಕೊಮ್ಮೆ ಮಾತ್ರ ನೋಡಲು ಹೇಳಿದೆ. ಪತ್ನಿಯನ್ನು ಒಮ್ಮೆ ಜೊತೆಗೆ ಕರೆಸಿ, "ಅವರ ತಟ್ಟೆಯ ಬಗ್ಗೆ ಒಳ್ಳೆಯ ಮಾತೂ ಬೇಡ, ಕೆಟ್ಟ ಮಾತೂ ಬೇಡ, ಜೊತೆಗೆ ಕುಳಿತರೆ ಸಾಕು" ಎಂದು ಕೋರಿಕೊಂಡೆ.

"ತೂಕ ಏರಿದರೆ?" ಎಂದು ಅವರು ಕೇಳಿದರು. ಮೊದಲ ವಾರಗಳಲ್ಲಿ ನೀರು ಮತ್ತು ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ತುಂಬಿಕೊಳ್ಳುವುದರಿಂದ ಒಂದೆರಡು ಕಿಲೋ ಏರಬಹುದು, ಅದೆಲ್ಲ ಕೊಬ್ಬಲ್ಲ, ಆದರೆ ಏರುವುದೇ ಇಲ್ಲವೆಂಬ ಭರವಸೆಯನ್ನು ಕೊಡಲಾರೆ ಎಂದೆ.

ಪರೀಕ್ಷೆಗಳಲ್ಲಿ ದೋಷವೇನೂ ಕಾಣಲಿಲ್ಲ. ತೂಕ 89ಕ್ಕೆ ಏರಿ ಅಲ್ಲಿಯೇ ನಿಂತಿದೆ. ರಾತ್ರಿಯ ತಿನ್ನುವಿಕೆ ಅಪರೂಪವಾಗಿದೆ, ನಿದ್ರೆ ಸುಧಾರಿಸಿದೆ, ಸ್ನಾಯುಬಲ ಉಳಿಸಿಕೊಳ್ಳಲು ವೈದ್ಯರ ಒಪ್ಪಿಗೆ ಪಡೆದು ಭಾರ ಎತ್ತುವ ವ್ಯಾಯಾಮವನ್ನು ಆರಂಭಿಸಿದ್ದಾರೆ. 79ಕ್ಕೆ ಮರಳುವ ಆಸೆಯನ್ನು ಅವರು ಬಿಟ್ಟಿಲ್ಲ. ರಾತ್ರಿಯ ತಿನ್ನುವಿಕೆ ಪೂರ್ತಿ ನಿಂತು ಕೆಲವು ತಿಂಗಳು ಕಳೆಯುವವರೆಗೆ ಆ ಚರ್ಚೆಯನ್ನು ಎತ್ತುವುದಿಲ್ಲ, ಎತ್ತಿದರೂ ವೈದ್ಯರ ಸಮ್ಮುಖದಲ್ಲೇ ಎಂಬ ಒಪ್ಪಂದ ಸದ್ಯಕ್ಕೆ ನಮ್ಮ ನಡುವೆ ಇದೆ.