ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟ ಚೀಟಿ

ಪ್ರಶ್ನೆ: ನನಗೆ 43 ವರ್ಷ, ಚನ್ನಗಿರಿ ತಾಲ್ಲೂಕಿನ ಹಳ್ಳಿಯವಳು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಪರೀಕ್ಷೆಗೆ ಬನ್ನಿ ಎಂದು ಆಶಾ ಕಾರ್ಯಕರ್ತೆ ಕೊಟ್ಟ ಚೀಟಿ ಎರಡು ತಿಂಗಳಿಂದ ಕ್ಯಾಲೆಂಡರಿನ ಹಿಂದಿದೆ. ನನಗೆ ಯಾವ ತೊಂದರೆಯೂ ಇಲ್ಲ, ಮಕ್ಕಳಾಗದ ಆಪರೇಷನ್ ಕೂಡ ಆಗಿದೆ. ಅಡಿಕೆ ಸುಲಿಯುವ ಕಾಲದಲ್ಲಿ ಒಂದು ದಿನ ತಪ್ಪಿಸಿದರೂ ಕೂಲಿ ಹೋಗುತ್ತದೆ. ‘ಚೆನ್ನಾಗಿರುವವರು ಯಾಕೆ ಆಸ್ಪತ್ರೆ ಮೆಟ್ಟಿಲು ಹತ್ತಬೇಕು’ ಎನ್ನುತ್ತಾರೆ 62ರ ಅತ್ತೆ. ಯಜಮಾನರು ‘ನಿನ್ನಿಷ್ಟ’ ಎಂದು ಸುಮ್ಮನಾದರು. ಈ ಕಾಯಿಲೆ ಎಂಥವರಿಗೆ ಬರುತ್ತದೆ?

ಉತ್ತರ: ಕೂಲಿ, ಅತ್ತೆ, ಆಪರೇಷನ್ ಎಲ್ಲವನ್ನೂ ಸರಾಗವಾಗಿ ಬರೆದ ನೀವು, ‘ಎಂಥವರಿಗೆ ಬರುತ್ತದೆ’ ಎಂಬುದನ್ನು ಮಾತ್ರ ಒಮ್ಮೆ ಹೊಡೆದುಹಾಕಿ ಮತ್ತೆ ಬರೆದಿದ್ದೀರಿ. ಚೀಟಿಯನ್ನು ತಡೆದು ನಿಲ್ಲಿಸಿರುವುದು ಆ ಸಾಲೇ ಎಂದು ನನಗೆ ಅನ್ನಿಸುವುದರಿಂದ ಮೊದಲು ಅದಕ್ಕೇ ಉತ್ತರಿಸುತ್ತೇನೆ.

ಈ ಕ್ಯಾನ್ಸರಿಗೆ ಬಹುಮಟ್ಟಿಗೆ ಕಾರಣ ಎಚ್‌ಪಿವಿ ಎಂಬ ವೈರಾಣು. ಅದು ಲೈಂಗಿಕ ಸಂಪರ್ಕದಿಂದ ದಾಟುವುದು ನಿಜವಾದರೂ, ಸಂಸಾರ ಮಾಡಿದ ಹೆಚ್ಚಿನ ಹೆಂಗಸರಿಗೂ ಗಂಡಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ತಗಲುವಷ್ಟು ಸಾಮಾನ್ಯ. ಸಾಧಾರಣವಾಗಿ ಒಂದೆರಡು ವರ್ಷಗಳಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಕ್ಯಾನ್ಸರ್ ಆಗಲು ಹೆಚ್ಚಾಗಿ 15ರಿಂದ 20 ವರ್ಷ ತೆಗೆದುಕೊಳ್ಳುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಯಾವ ವೈದ್ಯರೂ ಹೇಳಲಾರರು. ಹಾಗಾಗಿ ಪರೀಕ್ಷೆಯ ಫಲಿತಾಂಶ ಹಿಡಿದು ನಿಮ್ಮ ನಡತೆಯನ್ನಾಗಲಿ ಯಜಮಾನರ ನಡತೆಯನ್ನಾಗಲಿ ಅಳೆಯಲು ಬರುವುದಿಲ್ಲ.

ತೊಂದರೆಯೇ ಇಲ್ಲದ ಆ ದೀರ್ಘ ಕಾಲದಲ್ಲಿಯೇ ಪರೀಕ್ಷೆಯಿಂದ ಪ್ರಯೋಜನ ಹೆಚ್ಚು. ಆಪರೇಷನ್ನಿನಲ್ಲಿ ಅಂಡನಾಳಗಳನ್ನು ಕಟ್ಟುತ್ತಾರೆ, ಗರ್ಭಕೋಶದ ಕೊರಳು ಇದ್ದಲ್ಲಿಯೇ ಇರುತ್ತದೆ. 30ರಿಂದ 65 ವರ್ಷದವರು ಐದು ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕೆಂದು ಸರ್ಕಾರದ ಮಾರ್ಗಸೂಚಿಯೇ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ನಿಮ್ಮ ಹಿಂಜರಿಕೆ ನಿಮ್ಮೊಬ್ಬರದೇ ಎಂದುಕೊಳ್ಳಬೇಡಿ.

ಪರೀಕ್ಷೆ ಇಷ್ಟೇ: ಮಂಚದ ಮೇಲೆ ಮಲಗಿಸಿ, ಒಂದು ಉಪಕರಣದಿಂದ ದಾರಿ ಅಗಲಿಸಿ, ವಿನಿಗರಿನಂಥ ತೆಳುವಾದ ದ್ರಾವಣವನ್ನು ಹತ್ತಿಯಲ್ಲಿ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಕೊಯ್ಯುವುದಿಲ್ಲ, ಸ್ವಲ್ಪ ಉರಿಯಬಹುದು. ಬಿಳಿ ಕಲೆ ಕಂಡರೆ ಅದೇ ಕ್ಯಾನ್ಸರ್ ಎಂದಲ್ಲ, ಮುಂದಿನ ತಪಾಸಣೆಗೆ ಕಳಿಸುತ್ತಾರೆ, ಅಷ್ಟೆ. ಆರಂಭದಲ್ಲಿಯೇ ಸಿಕ್ಕ ದೋಷವನ್ನು ಎಷ್ಟೋ ಸಲ ಒಂದೇ ದಿನದಲ್ಲಿ ಸುಟ್ಟೋ ಹೆಪ್ಪುಗಟ್ಟಿಸಿಯೋ ತೆಗೆದುಹಾಕಿ ಮನೆಗೆ ಕಳಿಸುತ್ತಾರೆ. ಮಹಿಳಾ ಸಿಬ್ಬಂದಿಯೇ ನೋಡಲಿ ಎಂದು ಕೇಳಲು ಸಂಕೋಚಪಡಬೇಡಿ. ಸುದ್ದಿ ಊರೆಲ್ಲ ಹರಡೀತೆಂಬ ಅಳುಕಿದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಬಹುದು, ಅಲ್ಲಿ ನಿಮ್ಮನ್ನು ಗುರುತಿಸುವವರು ಕಡಿಮೆ.

ಕೂಲಿಯ ಲೆಕ್ಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಬಿಟ್ಟೆದ್ದರೆ ಆ ದಿನದ ದುಡಿಮೆ ಹೋದಂತೆಯೇ. ಆದರೆ ರೋಗ ಬಲಿತ ಮೇಲೆ ರೇಡಿಯೇಷನ್‌ಗಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ವಾರಗಟ್ಟಲೆ ಉಳಿಯಬೇಕಾದೀತು. ಮುಟ್ಟು ಮುಗಿದ ಮೇಲಿನ ಒಂದು ದಿನವನ್ನು ಆಶಾ ಕಾರ್ಯಕರ್ತೆಯ ಬಳಿ ಕೇಳಿ ಗೊತ್ತುಮಾಡಿಕೊಳ್ಳಿ. ‘ನಿನ್ನಿಷ್ಟ’ ಎಂದ ಯಜಮಾನರಿಗೆ, ಆ ಬೆಳಿಗ್ಗೆ ಬೈಕಿನಲ್ಲಿ ಕರೆದೊಯ್ದು ಹೊರಗೆ ಕುಳಿತಿರಿ ಎಂದು ಹೇಳಿ. ಅವರ ಅನುಮತಿ ನಿಮಗೆ ಬೇಕಿಲ್ಲ, ಜೊತೆ ಬೇಕು.

ಅತ್ತೆಯವರೊಂದಿಗೆ ವಾದಕ್ಕಿಳಿಯಬೇಡಿ. ಅವರೂ 65ರೊಳಗಿನವರೇ, ಮುಟ್ಟು ನಿಂತವರಲ್ಲಿ ವಿನಿಗರ್ ಪರೀಕ್ಷೆ ಅಷ್ಟು ಸ್ಪಷ್ಟವಾಗಿ ತಿಳಿಸದ ಕಾರಣ, ಕೊರಳಿನ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸಬೇಕು. ಇಬ್ಬರೇ ಇದ್ದಾಗ, ಮುಟ್ಟು ನಿಂತ ಮೇಲೆ ಎಂದಾದರೂ ಸೀರೆಗೆ ರಕ್ತದ ಕಲೆ ಕಂಡಿದ್ದುಂಟೇ ಎಂದು ಮೆಲ್ಲಗೆ ಕೇಳಿ ನೋಡಿ. ಹೌದೆಂದರೆ, ಚೀಟಿಗಾಗಿ ಕಾಯದೆ ಮೊದಲು ಅವರನ್ನೇ ಕರೆದುಕೊಂಡು ಹೋಗಿ.