ಶಾಲು ಬೇರೆ, ಪ್ರಾರ್ಥನೆ ಬೇರೆ

ಪ್ರಶ್ನೆ: ಹುಮನಾಬಾದ್ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ, ನಮ್ಮ ಚರ್ಚ್ ಸಭೆಯ ಮಹಿಳಾ ಕೂಟವನ್ನೂ ನೋಡಿಕೊಳ್ಳುತ್ತೇನೆ. ಈ ಸಲ ಕ್ರಿಸ್ಮಸ್ ಕಾರ್ಯಕ್ರಮಕ್ಕೆ ನಮ್ಮ ಭಾಗದ ಒಬ್ಬ ರಾಜಕಾರಣಿಯನ್ನು ಕರೆದಿದ್ದಾರೆ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಾಗ ಇದೇ ಮನುಷ್ಯ ವೇದಿಕೆ ಮೇಲೆ ನಿಂತು, ‘ಅಕ್ಕಿ ಮೂಟೆಗೆ ದೇವರನ್ನು ಬದಲಿಸಿದವರು’ ಅಂತ ನಮ್ಮನ್ನು ಆಡಿಕೊಂಡಿದ್ದರು. ನಾವು ಅಜ್ಜನ ಕಾಲದಿಂದ ಸಭೆಯವರು. ಈಗ ಪಾಸ್ಟರ್ ನನಗೇ ಶಾಲು ಹೊದಿಸಿ, ಅವರಿಗಾಗಿ ಪ್ರಾರ್ಥನೆ ಮಾಡಲು ಹೇಳಿದ್ದಾರೆ. ನನ್ನ ತಮ್ಮ ಅವರ ಹಿಂದೆಯೇ ಓಡಾಡುವವನು. ನಾನು ವಾಟ್ಸಾಪ್ ಸ್ಟೇಟಸ್‌ನಲ್ಲಿ ಅವರಿಗೊಂದು ಅಡ್ಡಹೆಸರು ಇಟ್ಟಾಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಯೇಸುಸ್ವಾಮಿಯೇ ಗಲಿಲಾಯ ಆಳುತ್ತಿದ್ದ ಹೆರೋದನನ್ನು ನರಿ ಅಂದಿಲ್ಲವಾ? ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡು ಪ್ರಾರ್ಥಿಸಿದರೆ ಕಪಟ ಆಗಲ್ವಾ?

ಉತ್ತರ: ಅಕ್ಕಾ, ಆ ಮಾತು ಕೇಳಿ ನಿಮಗೆ ಉರಿಯದೇ ಇದ್ದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು. ಮೂರು ತಲೆಮಾರಿನ ನಂಬಿಕೆಗೆ ರೇಟು ಕಟ್ಟಿದರೆ ಯಾರಿಗೆ ನೋವಾಗಲ್ಲ? ಅದೂ ಜೋಳದ ರೊಟ್ಟಿ ತಿನ್ನುವ ನಮ್ಮ ಸೀಮೆಯಲ್ಲಿ ಅಕ್ಕಿ ಮೂಟೆಯಂತೆ! ಹಾಗಾಗಿ ‘ಏನೂ ಆಗಿಲ್ಲ ಅಂದುಕೊಳ್ಳಿ’ ಅಂತ ನಾನು ಹೇಳುವುದಿಲ್ಲ. ಆಗಿದೆ.

ನರಿಯ ವಿಷಯಕ್ಕೆ ಬರೋಣ. ಹೌದು, ಅಂದರು. ಲೂಕನ ಸುವಾರ್ತೆ 13ನೇ ಅಧ್ಯಾಯದಲ್ಲಿದೆ. ಆದರೆ ಇನ್ನೊಮ್ಮೆ ಓದಿ ನೋಡಿ. ‘ಹೆರೋದ ನಿನ್ನನ್ನು ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಡು’ ಅಂತ ಕೆಲವರು ಬಂದು ಹೆದರಿಸಿದರು. ಆಗ ಆತ ಕೊಟ್ಟ ಉತ್ತರ, ‘ಹೋಗಿ ಆ ನರಿಗೆ ಹೇಳಿ’. ಅಂದರೆ ಆ ಮಾತು ಹೆರೋದನ ಕಿವಿಗೆ ಮುಟ್ಟಲಿ ಅಂತಲೇ ಆಡಿದ್ದು. ಮುಟ್ಟಿದರೆ ಏನಾಗುತ್ತದೆ ಅಂತಲೂ ಗೊತ್ತಿತ್ತು. ನಿಮ್ಮ ಸ್ಟೇಟಸ್ ಆ ರಾಜಕಾರಣಿ ನೋಡಿದರಾ? ನಂಬರ್ರೇ ಇರಲಿಕ್ಕಿಲ್ಲ. ನೋಡಿ ನಕ್ಕವರು ಮೊದಲೇ ನಿಮ್ಮ ಕಡೆ ಇದ್ದವರು. ಗಾಯವಾಗಿದ್ದು ತಮ್ಮನಿಗೆ.

ಬೈಯುವವರು ಅಪೊಸ್ತಲ ಪೌಲನ ಕಥೆಯನ್ನೂ ಓದಬೇಕು. ಅಪೊಸ್ತಲರ ಕೃತ್ಯಗಳು 23ರಲ್ಲಿ, ತನ್ನ ಬಾಯಿಗೆ ಹೊಡೆಯಿರಿ ಅಂತ ಅಪ್ಪಣೆ ಕೊಟ್ಟವನನ್ನು ಆತ ‘ಸುಣ್ಣ ಹಚ್ಚಿದ ಗೋಡೆ’ ಅಂದುಬಿಟ್ಟ. ಅವನು ಮಹಾಯಾಜಕ ಅಂತ ಯಾರೋ ಹೇಳಿದರು. ‘ನನಗೆ ಗೊತ್ತಿರಲಿಲ್ಲ’ ಅಂದ ಪೌಲ. ಜನರನ್ನು ಆಳುವವನನ್ನು ಬೈಯಬಾರದು ಅನ್ನುವ ವಾಕ್ಯವನ್ನೂ ತಾನೇ ನೆನಪಿಸಿದ. ಹೊಡೆಸಿದ್ದು ಅನ್ಯಾಯ ಅನ್ನುವ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಾನೇನೂ ಸಾಚಾ ಅಲ್ಲ. ಒಂದು ಚುನಾವಣೆ ಹೊತ್ತಿನಲ್ಲಿ ನನಗಾಗದ ಒಬ್ಬ ಲೀಡರ್ ಫೋಟೊವನ್ನು ಖುಷಿಯಿಂದ ಹತ್ತು ಗ್ರೂಪಿಗೆ ಕಳಿಸಿದ್ದೆ. ಯಾರೋ ತಿದ್ದಿದ ಫೋಟೊ ಅಂತ ಆಮೇಲೆ ಗೊತ್ತಾಯಿತು. ಸುಮ್ನೆ ಅಳಿಸಿ ಕೂತೆ. ‘ತಪ್ಪಾಯಿತು’ ಅಂತ ಆ ಹತ್ತರಲ್ಲಿ ಒಂದು ಗ್ರೂಪಿಗೂ ಬರೆಯಲಿಲ್ಲ. ಸುಳ್ಳು ಸಾಕ್ಷಿ ಹೇಳಬಾರದು ಅನ್ನುವ ಆಜ್ಞೆಯನ್ನು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದವನು ನಾನೇ!

ಇನ್ನು ಕಪಟದ ಪ್ರಶ್ನೆ. ಪಾಸ್ಟರ್ ನಿಮಗೆ ಎರಡು ಕೆಲಸ ಒಟ್ಟಿಗೆ ಕೊಟ್ಟಿದ್ದಾರೆ, ತೊಡಕು ಅಲ್ಲಿದೆ. ಶಾಲು ಮರ್ಯಾದೆ. ಅದು ಆ ಮನುಷ್ಯನಿಗೆ ಸಲ್ಲುವುದು. ಮನಸ್ಸಿಲ್ಲದಿದ್ದರೆ ‘ಬೇರೆಯವರು ಹೊದಿಸಲಿ’ ಅಂತ ನೇರವಾಗಿ ಹೇಳಿ, ಪಾಪವೇನಿಲ್ಲ. ಪ್ರಾರ್ಥನೆ ಮರ್ಯಾದೆಯಲ್ಲ, ಬೇಡಿಕೆ. ಅದು ದೇವರಿಗೆ ಸಲ್ಲುವುದು. ಪೌಲ ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ 2ನೇ ಅಧ್ಯಾಯ ಅರಸರಿಗಾಗಿ, ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಿ ಅನ್ನುತ್ತದೆ. ಯಾಕೆ? ನಾವು ನೆಮ್ಮದಿಯಿಂದ ಬಾಳುವಂತಾಗಲಿ ಅಂತ. ಅವರು ಒಳ್ಳೆಯವರು ಅಂತಲ್ಲ. ಪೌಲನ ಕಾಲದಲ್ಲಿ ರೋಮ್ ಗದ್ದುಗೆ ಮೇಲೆ ನೀರೋ ಕೂಡ ಕೂತಿದ್ದ. ಕ್ರಿ.ಶ. 64ರಲ್ಲಿ ಊರಿಗೆ ಬೆಂಕಿ ಬಿದ್ದಾಗ ತಪ್ಪನ್ನು ಕ್ರೈಸ್ತರ ತಲೆಗೆ ಕಟ್ಟಿದವನು ಅವನು.

ಹಾಗಾಗಿ ನಿಜವಾದದ್ದನ್ನಷ್ಟೇ ಬೇಡಿ. ‘ಜನನಾಯಕ’, ‘ನಮ್ಮ ಆಶಾಕಿರಣ’ ಎಲ್ಲ ಬಿಟ್ಟುಬಿಡಿ. ಅವರಿಗೆ ಆರೋಗ್ಯ ಕೊಡು, ನ್ಯಾಯ ತಿಳಿಯುವ ಬುದ್ಧಿ ಕೊಡು, ಬಡವರ ಕೂಗು ಕೇಳಿಸು, ಅವರ ನಾಲಿಗೆಯನ್ನೂ ನಮ್ಮ ನಾಲಿಗೆಯನ್ನೂ ಕಾಯಿ. ಇಷ್ಟರಲ್ಲಿ ಸುಳ್ಳು ಯಾವುದಿದೆ? ಕೊನೆಯದನ್ನು ಹೇಳುವಾಗ ಗಂಟಲು ಸ್ವಲ್ಪ ಹಿಡಿಯಬಹುದು.

ಆದರೆ ಅದಕ್ಕೂ ಮೊದಲು, ಸಭೆಯ ಇಬ್ಬರು ಹಿರಿಯರನ್ನು ಕರೆದುಕೊಂಡು ಆ ರಾಜಕಾರಣಿಯ ಮನೆಗೆ ಹೋಗಿ ಬನ್ನಿ. ಅಲ್ಲಿ ಎರಡು ವಿಷಯ ಬೇರೆ ಬೇರೆ ಇಡಿ. ಕಾಯ್ದೆ ಬೇಕು ಅನ್ನುವುದು ಅವರ ಅಭಿಪ್ರಾಯ, ಅದಕ್ಕೆ ಬೇಕಾದರೆ ವಾದ ಮಾಡಿ. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಅದರಲ್ಲಿತ್ತು. ನನ್ನ ದೇವರ ವಿಷಯ ಕಚೇರಿಗೆ ಯಾಕೆ ಹೇಳಬೇಕು ಅಂತ ಕೇಳಿ. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಂಪುಟ ತೀರ್ಮಾನಿಸಿದಾಗಲೂ ಪರ-ವಿರೋಧ ಎರಡೂ ಇತ್ತು. ಅದೆಲ್ಲ ರಾಜಕೀಯ, ಇರಲಿ. ಅಕ್ಕಿ ಮೂಟೆಯ ಮಾತು ಹಾಗಲ್ಲ, ಅದು ಅವಮಾನ. ‘ನೀವು ಅಂದಿದ್ದು ನನ್ನ ಅಜ್ಜನಿಗೆ’ ಅಂತ ಕಣ್ಣು ನೋಡಿ ಹೇಳಿ. ಅಡ್ಡಹೆಸರು ಇಟ್ಟಿದ್ದನ್ನೂ ಒಪ್ಪಿಕೊಳ್ಳಿ. ಅವರು ತಪ್ಪಾಯಿತು ಅನ್ನಬಹುದು, ಚಹಾ ಕುಡಿಸಿ ಮಾತು ತೇಲಿಸಲೂಬಹುದು. ಎರಡನೆಯದೇ ಜಾಸ್ತಿ ಸಾಧ್ಯ ಅಂತ ನನ್ನ ಅನುಭವ. ಆದರೂ ನೀವು ಹಿಂದಿನಿಂದ ಆಡಿದ್ದನ್ನು ಮುಂದೆ ನಿಂತು ಹೇಳಿದಂತಾಗುತ್ತದೆ. ಆಮೇಲೆ ಸ್ಟೇಜ್ ಮೇಲೆ ಕಣ್ಣು ಮುಚ್ಚಿದಾಗ ಕಪಟ ಅನ್ನಿಸುವುದಿಲ್ಲ.

ಪಾಸ್ಟರ್‌ಗೂ ಒಂದು ಮಾತು ಹೇಳಿ. ಬಂದವರು ಯಾವ ಪಕ್ಷದವರೇ ಆಗಲಿ, ಕೂರಲು ಕುರ್ಚಿ ಕೊಡಿ, ಕೇಕ್ ಕೊಡಿ. ಪ್ರಸಂಗಪೀಠ ಕೊಡಬೇಡಿ.

ತಮ್ಮನ ಮನೆಗೆ ಮಾತ್ರ ಇವತ್ತೇ ಹೋಗಿ. ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತದೆ, ಅವನ ಸಿಟ್ಟು ಹೋಗಿಲ್ಲ ನೋಡಿ. ಆ ರಾಜಕಾರಣಿಯ ಸುದ್ದಿ ಎತ್ತಬೇಡಿ, ಅವನು ಎತ್ತಿದರೂ. ‘ಆ ಹೆಸರು ನಾನು ಇಡಬಾರದಿತ್ತು’ ಅಂತ ಒಂದು ಸಲ ಹೇಳಿ. ಆಮೇಲೆ ಕ್ರಿಸ್ಮಸ್ ಕರ್ಜಿಕಾಯಿ ಮಾಡಲು ಅವನ ಹೆಂಡತಿ ಯಾವತ್ತು ಬರುತ್ತಾಳೆ ಅಂತ ಕೇಳಿ.