12 ಪದಗಳ ಚೀಟಿ ಮಳೆಗಾಲದಲ್ಲಿ ಉಳಿಯಬೇಕು

ಅಕ್ಕ, ಬೆಂಗಳೂರಿಂದ ಬಂದ ಮಗ ನಿಮ್ಮ ಫೋನಿಗೆ ಬಿಟ್‌ಕಾಯಿನ್ ಅನ್ನುವ ಡಿಜಿಟಲ್ ದುಡ್ಡಿನ ವಾಲೆಟ್ ಆಪ್ ಹಾಕಿಕೊಟ್ಟು, 12 ಇಂಗ್ಲಿಷ್ ಪದಗಳ ಚೀಟಿ ಜೋಪಾನ ಅಂತ ಹೇಳಿ ಹೋಗಿದ್ದಾನೆ. ಫೋನ್ ಕೆರೆಗೆ ಬಿದ್ದರೆ ದುಡ್ಡೂ ಹೋಯ್ತಾ ಅಂತ ಕೇಳಿದ್ದೀರಿ. ಚೀಟಿ ಇದ್ದರೆ ಹೋಗುವುದಿಲ್ಲ. ಫೋನಿನ ಜೊತೆ ಚೀಟಿಯೂ ಹೋದರೆ ಹೋದ ಹಾಗೇ.

ವಾಲೆಟ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಅದರೊಳಗೆ ಕಾಯಿನ್ ಇರುವುದೇ ಇಲ್ಲ. ನಮ್ಮ ತೋಟ ಬೀರುವಿನಲ್ಲಿ ಇರುತ್ತಾ? ಪಹಣಿಯಲ್ಲಿ ಹೆಸರಿರುತ್ತದೆ, ಅಷ್ಟೇ. ಹಾಗೇ ಯಾವ ವಿಳಾಸದಲ್ಲಿ ಎಷ್ಟು ಕಾಯಿನ್ ಅನ್ನುವ ಲೆಕ್ಕ ಬ್ಲಾಕ್‌ಚೈನ್ ಅನ್ನುವ ಲೆಕ್ಕದ ಪುಸ್ತಕದಲ್ಲಿದೆ. ಅದರ ಪ್ರತಿ ಪ್ರಪಂಚದ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ. ಬಿಟ್‌ಕಾಯಿನ್‌ನ ಈ ಲೆಕ್ಕ 2009ರ ಜನವರಿಯಿಂದ ನಡೆದು ಬಂದಿದೆ. ನಿಮ್ಮ ಫೋನಿನಲ್ಲಿರುವುದು ಕಾಯಿನ್ ಕಳಿಸುವಾಗ ಸಹಿ ಹಾಕುವ ಗುಟ್ಟಿನ ಕೀ ಮಾತ್ರ. ಜುಲೈ ಮಳೆಗೆ ನಾಲ್ಕು ದಿನ ಕರೆಂಟಿಲ್ಲದೆ ಫೋನ್ ಆಫ್ ಆಗಿದ್ದರೂ, ಯಾರಾದರೂ ಕಳಿಸಿದ್ದು ನಿಮ್ಮ ವಿಳಾಸಕ್ಕೆ ಬಂದಿರುತ್ತದೆ.

ವಿಳಾಸ ಬ್ಯಾಂಕ್ ಖಾತೆ ನಂಬರ್ ಇದ್ದ ಹಾಗೆ, ದುಡ್ಡು ಹಾಕುವವರಿಗೆ ಕೊಡಬಹುದು. 12 ಪದ ಹಾಗಲ್ಲ. ಕೀ ಹುಟ್ಟುವುದೇ ಅದರಿಂದ. ಅದು ಸಿಕ್ಕವರಿಗೆ ನಿಮ್ಮ ಫೋನೂ ಬೇಡ, ಒಟಿಪಿಯೂ ಬೇಡ. ಹೋದ ಕಾಯಿನ್ ವಾಪಸ್ ತರಿಸಲು ಇಲ್ಲಿ ಬ್ಯಾಂಕ್ ಮ್ಯಾನೇಜರ್ ಇಲ್ಲ. ಅದಕ್ಕೇ ಚೀಟಿಯ ಫೋಟೋ ತೆಗೆಯಬೇಡಿ, ವಾಟ್ಸಾಪ್‌ನಲ್ಲಿ ಮಗನಿಗೂ ಕಳಿಸಬೇಡಿ. 'ವಾಲೆಟ್ ಸರಿ ಮಾಡಿಕೊಡ್ತೇವೆ, ಪದ ಹೇಳಿ' ಅಂತ ಯಾರೇ ಫೋನ್ ಮಾಡಲಿ, ಅವರು ಕಳ್ಳರೇ.

ಕಾಯಿನ್ ಕೊಳ್ಳುವ, ಮಾರುವ ಕಂಪನಿಯಲ್ಲೇ, ಅಂದರೆ ಎಕ್ಸ್‌ಚೇಂಜ್‌ನಲ್ಲೇ ಬಿಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬಿಡಬಹುದು. ಮೆಣಸನ್ನು ವ್ಯಾಪಾರಿಯ ಗೋಡೌನಿನಲ್ಲಿಟ್ಟು ರಸೀದಿ ತಂದ ಹಾಗೆ ಅದು, ಕೀ ಅವರ ಕೈಯಲ್ಲಿರುತ್ತದೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಅನ್ನುವ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಕಳವಾದಾಗ ಅಲ್ಲಿಟ್ಟವರು ತಿಂಗಳುಗಟ್ಟಲೆ ದುಡ್ಡಿಗೆ ಕಾದರು.

ಈಗ ಚೀಟಿಯ ವಿಷಯ. ನಾನು ಜೆಲ್ ಪೆನ್ನಲ್ಲಿ ಬರೆದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಎರಡು ಮಳೆಗಾಲ ಕಳೆದು ತೆಗೆದರೆ ಬೂಷ್ಟು ಹಿಡಿದು ಶಾಯಿ ಹರಡಿತ್ತು. ನಾಲ್ಕನೇ ಪದ, ಒಂಬತ್ತನೇ ಪದ ಓದಲಿಕ್ಕೇ ಆಗಲಿಲ್ಲ. ಫೋನ್ ಸರಿ ಇತ್ತು, ಹಾಗಾಗಿ ಹೊಸ ವಾಲೆಟ್ ಮಾಡಿ ಎಲ್ಲವನ್ನೂ ಅದಕ್ಕೆ ಕಳಿಸಿ ಉಳಿದುಕೊಂಡೆ. ಆಮೇಲೆ ಸೋಮವಾರಪೇಟೆಯಲ್ಲಿ ಅಂಗೈ ಅಗಲದ ಸ್ಟೀಲ್ ತಟ್ಟೆ ಕತ್ತರಿಸಿ ತಂದೆ. ಅಕ್ಷರದ ಪಂಚ್ ಸೆಟ್ ಕೊಂಡು ಮನೆಯಲ್ಲೇ ಸುತ್ತಿಗೆಯಲ್ಲಿ ಹೊಡೆದೆ. ಇದನ್ನು ಅಂಗಡಿಯವರ ಕೈಯಲ್ಲಿ ಮಾಡಿಸಬೇಡಿ, ಪದ ಅವರಿಗೂ ಗೊತ್ತಾಗುತ್ತದೆ. ಪೂರ್ತಿ ಪದ ಹೊಡೆಯಬೇಕಾಗಿಲ್ಲ. ಹೆಚ್ಚಿನ ವಾಲೆಟ್‌ಗಳು ಬಳಸುವುದು 2048 ಪದಗಳ ಒಂದೇ ಪಟ್ಟಿ. ಅದರಲ್ಲಿ ಮೊದಲ ನಾಲ್ಕು ಅಕ್ಷರ ಸಿಕ್ಕರೆ ಪದ ಯಾವುದೆಂದು ಗೊತ್ತಾಗುತ್ತದೆ. ಪದಗಳ ಕ್ರಮ ಮಾತ್ರ ತಪ್ಪಬಾರದು, ಪಕ್ಕದಲ್ಲಿ ನಂಬರ್ ಹಾಕಿ.

ಮಾರಿದಾಗ ಲಾಭಕ್ಕೆ 30% ತೆರಿಗೆ, ಮೇಲೆ ಸೆಸ್ ಇದೆ. ನಷ್ಟವನ್ನು ಬೇರೆ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಕೂಲಿಗೆ, ಗೊಬ್ಬರಕ್ಕೆ ಇಟ್ಟ ದುಡ್ಡನ್ನು ದಯವಿಟ್ಟು ಇದಕ್ಕೆ ಹಾಕಬೇಡಿ.

ಮಗ ಮುಂದಿನ ಸಲ ಬಂದಾಗ ಒಂದು ಪರೀಕ್ಷೆ ಮಾಡಿ. ವಾಲೆಟ್‌ನಲ್ಲಿ ನೂರಿನ್ನೂರು ರೂಪಾಯಿಯಷ್ಟು ಮಾತ್ರ ಇರುವಾಗ ಆಪ್ ಅಳಿಸಿ, ಮತ್ತೆ ಹಾಕಿ, ಚೀಟಿ ನೋಡಿಕೊಂಡು ನೀವೇ 12 ಪದ ಟೈಪ್ ಮಾಡಿ. ಬ್ಯಾಲೆನ್ಸ್ ಕಾಣಿಸಿದರೆ ಚೀಟಿ ಸರಿ ಇದೆ. ಪಂಚ್ ಸೆಟ್ ನನ್ನ ಹತ್ತಿರ ಸುಮ್ನೆ ಬಿದ್ದಿದೆ, ಬೇಕಾದರೆ ತಗೊಂಡು ಹೋಗಿ.